ಅಮ್ಮ, ನೀನು ಹೊರಗೇ ಇರು

ಮಕ್ಕಳು ಚಿಕ್ಕವರಿದ್ದಾಗ ಲೈಬ್ರರಿ ನಮಗೆಲ್ಲ ಎರಡನೇ ಮನೆ. ಶನಿವಾರದ ಕಥೆ, ಬೇಸಿಗೆ ರಜೆಯ ಓದು, ಚೀಲದ ತುಂಬ ಚಿತ್ರಪುಸ್ತಕ. ಹನ್ನೆರಡು ದಾಟಿದ ಮೇಲೆ ಅವರಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಮಕ್ಕಳ ವಿಭಾಗದ ಪುಟ್ಟ ಕುರ್ಚಿ ಸಾಲದು. ದೊಡ್ಡವರ ವಿಭಾಗದಲ್ಲಿ ನಾಲ್ಕು ಜನ ಸೇರಿ ನಕ್ಕರೆ ಯಾರಾದರೂ ತಿರುಗಿ ನೋಡುತ್ತಾರೆ. ಮನೆಯಲ್ಲಿ ಕನ್ನಡ ಕಡಿಮೆಯಾಗುವುದೂ ಅದೇ ವಯಸ್ಸಿನಲ್ಲಿ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ.

ಶಿಕಾಗೋ ಹೊರವಲಯದ ನಮ್ಮೂರ ಲೈಬ್ರರಿ ಹದಿಹರೆಯದವರಿಗೆಂದೇ ಒಂದು ಕೋಣೆ ಮಾಡಲು ಹೊರಟಾಗ ನನ್ನ ಮಗಳಿಗೆ ಹದಿನಾಲ್ಕು. ಸ್ವಯಂಸೇವಕಿಯಾಗಿ ನಾನೂ ಹೆಸರು ಕೊಟ್ಟೆ. "ಅಮ್ಮ, ತಿಂಡಿ ತಂದ್ಕೊಡು. ಆದ್ರೆ ನೀನು ಹೊರಗೇ ಇರು" ಅಂದಳು. ಲೈಬ್ರೇರಿಯನ್ ಅದನ್ನೇ ಸ್ವಲ್ಪ ನಯವಾಗಿ ಹೇಳಿದರು.

ಅವರು ಮಾದರಿಯಾಗಿ ಇಟ್ಟುಕೊಂಡಿದ್ದು ಶಿಕಾಗೋ ನಗರದ ದೊಡ್ಡ ಲೈಬ್ರರಿಯಲ್ಲಿ 2009ರಲ್ಲಿ ಶುರುವಾದ ಯೂಮೀಡಿಯಾ. ಅಲ್ಲಿ ಪುಸ್ತಕಗಳ ಜೊತೆಗೆ ಕಂಪ್ಯೂಟರ್, ಕ್ಯಾಮೆರಾ, ಹಾಡು ರೆಕಾರ್ಡ್ ಮಾಡುವ ಸಲಕರಣೆ ಎಲ್ಲ ಇವೆ. ಹುಡುಗರು ಮೊದಲು ಸುಮ್ಮನೆ ಬಂದು ಕೂರಲಿ, ಆಮೇಲೆ ಕೈಯಾಡಿಸಿ ನೋಡಲಿ, ಇಷ್ಟವಾದರೆ ಮುಳುಗಲಿ ಎನ್ನುವುದು ಅದರ ಹಿಂದಿನ ಯೋಚನೆ.

ನಮ್ಮೂರಿನಲ್ಲಿ ಹತ್ತು ಹನ್ನೆರಡು ಮಕ್ಕಳ ಟೀನ್ ಅಡ್ವೈಸರಿ ಬೋರ್ಡ್ ತಿಂಗಳಿಗೊಮ್ಮೆ ಸೇರುತ್ತದೆ. ಯಾವ ಗ್ರಾಫಿಕ್ ಕಾದಂಬರಿ ತರಿಸಬೇಕು, ಪರೀಕ್ಷೆಯ ವಾರ ಎಷ್ಟು ಹೊತ್ತು ತೆರೆದಿರಬೇಕು, ಗಲಾಟೆ ಮಾಡಿದರೆ ಏನು ಮಾಡಬೇಕು ಎಂಬುದನ್ನೆಲ್ಲ ಅವರೇ ಮಾತಾಡಿ ತೀರ್ಮಾನಿಸುತ್ತಾರೆ. ಅವರು ಮೊದಲು ಕೇಳಿದ್ದು ಒಂದು ಉದ್ದನೆಯ ಮೇಜು ಮತ್ತು ಫೋನ್ ಚಾರ್ಜ್ ಮಾಡಲು ಜಾಗ. ಲೈಬ್ರರಿಯ ಸಿಬ್ಬಂದಿ ಒಬ್ಬರು ಸದಾ ಅಲ್ಲೇ ಇರುತ್ತಾರೆ. ಮಕ್ಕಳ ಹೆಸರುಗಳೆಲ್ಲ ಅವರಿಗೆ ಗೊತ್ತು.

ನಮ್ಮ ಮನೆಯಲ್ಲಿ ಚರ್ಚೆ ಎದ್ದಿದ್ದು ಬೇರೆ ವಿಷಯಕ್ಕೆ. ಇಲಿನಾಯ್ ರಾಜ್ಯದಲ್ಲಿ ಲೈಬ್ರರಿಯ ದಾಖಲೆಗಳು ಗೋಪ್ಯ. ಮಗಳು ಯಾವ ಪುಸ್ತಕ ತೆಗೆದುಕೊಂಡಳು ಎಂದು ಕೇಳಿದರೆ ನಮ್ಮ ಲೈಬ್ರರಿಯವರು ಹೇಳುವುದಿಲ್ಲ. "ಹೆತ್ತವರಿಗೂ ಹೇಳಬಾರದಾ?" ಅಂತ ನಮ್ಮವರು ಗೊಣಗಿದರು. ಕೆಲವು ವಾರ ಕಳೆದ ಮೇಲೆ ಊಟದ ಹೊತ್ತಿಗೆ ತಾನು ಓದುತ್ತಿರುವುದರ ಬಗ್ಗೆ ಅವಳೇ ಮಾತೆತ್ತಿದಳು. ಯಾರೂ ತಪಾಸಣೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಹೇಳುವುದಕ್ಕೆ ಅವಳಿಗೆ ಸುಲಭವಾಯಿತು ಎಂದು ನನಗೆ ಅನಿಸಿತು.

ಇನ್ನು ಕನ್ನಡ. ಆ ಕೋಣೆಯಲ್ಲಿ ಭಾನುವಾರ ಕನ್ನಡ ಪಾಠ ನಡೆಸೋಣ ಎಂದು ನಮ್ಮ ಗುಂಪಿನ ಅಪ್ಪ-ಅಮ್ಮಂದಿರು ಕೇಳಿದರು. ಮಕ್ಕಳು ಬೇಡ ಎಂದರು. ಲೈಬ್ರರಿ ತರಿಸಿದ ಕನ್ನಡ ಪುಸ್ತಕಗಳೂ ಕಪಾಟಿನಲ್ಲೇ ಉಳಿದವು. ಯಾರೂ ಒಯ್ಯದ ಪುಸ್ತಕವನ್ನು ಕೆಲವು ವರ್ಷಗಳ ನಂತರ ತೆಗೆದುಬಿಡುತ್ತಾರೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

ಬಾಗಿಲು ತೆರೆದಿದ್ದು ರೆಕಾರ್ಡಿಂಗ್ ಮೂಲೆ. ಮನೆಯ ಹಿರಿಯರ ಮಾತನ್ನು ಅವರ ಭಾಷೆಯಲ್ಲೇ ಮುದ್ರಿಸಿ, ಇಂಗ್ಲಿಷಿನಲ್ಲಿ ಅಡಿಬರಹ ಕೊಡೋಣ ಎಂದು ಬೋರ್ಡಿನ ಮಕ್ಕಳೇ ಯೋಜನೆ ಹಾಕಿದರು. ಸಾಗರದಿಂದ ಆರು ತಿಂಗಳಿಗೆ ಬಂದಿದ್ದ ನಮ್ಮತ್ತೆ ಮೈಕಿನ ಮುಂದೆ ಕೂತು ಅಡಿಕೆ ಕೊಯ್ಲಿನ ಕಥೆ ಹೇಳಿದರು. ನಡುವೆ 'ಕೊನೆಗೌಡ' ಎಂದರು. "ಲಾಸ್ಟ್ ಗೌಡನಾ ಅಜ್ಜಿ? ಹಾಗಾದ್ರೆ ಮೊದಲ್ನೇ ಗೌಡ ಯಾರು?" ಎಂದಳು ಮಗಳು. ಅತ್ತೆಗೆ ನಗು ತಡೆಯಲಾಗಲಿಲ್ಲ. ಕೊನೆ ಎಂದರೆ ಅಡಿಕೆ ಗೊನೆ, ಮರ ಹತ್ತಿ ಅದನ್ನು ಇಳಿಸುವವನು ಕೊನೆಗೌಡ ಎಂದು ಬಿಡಿಸಿ ಹೇಳಿದರು. ಅರ್ಧ ಗಂಟೆಯ ಆ ಮಾತಿಗೆ ಅಡಿಬರಹ ಬರೆಯಲು ಮಗಳಿಗೆ ಮೂರು ವಾರ ಹಿಡಿಯಿತು. ಪ್ರತಿ ಸಂಜೆ ಅಜ್ಜಿಯ ಹತ್ತಿರ ಹೋಗಿ ಕನ್ನಡದಲ್ಲೇ ಕೇಳುತ್ತಿದ್ದಳು. ಅತ್ತೆ ಊರಿಗೆ ಮರಳಿದ ಮೇಲೆ ಆ ಪ್ರಶ್ನೆಗಳು ವಾಟ್ಸ್ಯಾಪಿನಲ್ಲಿ ಮುಂದುವರಿದವು. ನಾವು ಆ ಕೋಣೆಗೆ ಹೊತ್ತುಕೊಂಡು ಹೋಗಲಾಗದ ಕನ್ನಡವನ್ನು ಅವಳು ತನ್ನ ಕೆಲಸಕ್ಕೆ ಬೇಕೆಂದು ತಾನೇ ಒಯ್ದಳು.

ನಿಮ್ಮೂರಿನಲ್ಲಿ ಇಂಥ ಕೋಣೆ ಇಲ್ಲದಿದ್ದರೆ ಲೈಬ್ರರಿಯಲ್ಲಿ ಮೂರು ವಿಷಯ ಕೇಳಿ: ವಾರಕ್ಕೆ ಎರಡು ಸಂಜೆಯಾದರೂ ಅವರದೇ ಆದ ಜಾಗ, ಅವರಿಗೆಂದೇ ಒಬ್ಬ ಸಿಬ್ಬಂದಿ, ತೀರ್ಮಾನಗಳಲ್ಲಿ ಅವರ ಮಾತಿಗೆ ಬೆಲೆ. ಅಮೆರಿಕದಲ್ಲಿ ಊರಿನ ಲೈಬ್ರರಿ ಬೋರ್ಡಿನ ಸಭೆಗಳು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ. ನಿಮ್ಮ ಹುಡುಗನನ್ನೋ ಹುಡುಗಿಯನ್ನೋ ಕರೆದುಕೊಂಡು ಹೋಗಿ. ಮಾತು ಅವರೇ ಆಡಲಿ.