ವೇಗಾನಾ, ಸಂವೇಗಾನಾ?

ಹಾಸ್ಟೆಲ್‌ನಲ್ಲಿ ಬಿಜಿಎಂಐ ಆಡುವವರ ನಡುವೆ ಒಂದು ಜಗಳ ಮುಗಿಯೋದೇ ಇಲ್ಲ: ಯಾವ ಹ್ಯಾಂಡ್‌ಗನ್ ಹೆಚ್ಚು ಪವರ್‌ಫುಲ್? ಎಲ್ಲರೂ ತೋರಿಸೋದು ಒಂದೇ ನಂಬರ್, ಗುಂಡಿನ ವೇಗ. ಆಟದ ನಂಬರ್ ಬಿಟ್ಟು ನಿಜವಾದ ತೋಟಾಗಳ ಲೆಕ್ಕ ಹಾಕೋಣ ಅಂತ ನಾವು ನಾಲ್ಕು ಜನ ಒಂದು ಭಾನುವಾರ ಕೂತೆವು. ಮೂವರು ಇಂಗ್ಲಿಷ್ ಮೀಡಿಯಂ, ನಾಲ್ಕನೆಯವನು ನೆಲಮಂಗಲ ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿದವನು. ಅವನ ಮೊದಲ ಪ್ರಶ್ನೆಯೇ "ವೇಗಾನಾ, ಸಂವೇಗಾನಾ?" ಮೊಮೆಂಟಮ್‌ಗೆ ಕನ್ನಡದಲ್ಲಿ ಎಷ್ಟು ಚೆಂದದ ಪದ ಇದೆ ನೋಡಿ. ಎರಡೂ ಅಕ್ಕಪಕ್ಕದ ಮನೆಯವು, ಆದರೆ ಒಂದೇ ಅಲ್ಲ.

.357 ಮ್ಯಾಗ್ನಮ್‌ನ 8.1 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 440 ಮೀಟರ್ ಹೋಗುತ್ತೆ. .44 ಮ್ಯಾಗ್ನಮ್‌ನ 15.5 ಗ್ರಾಂ ಗುಂಡು ಸುಮಾರು 400. ಹಳೆಯ .45 ಎಸಿಪಿಯ ಗುಂಡು 14.9 ಗ್ರಾಂ, ವೇಗ 250 ಅಷ್ಟೇ, ಶಬ್ದಕ್ಕಿಂತ ನಿಧಾನ. 2003ರಲ್ಲಿ ಬಂದ .500 ಸ್ಮಿತ್ ಅಂಡ್ ವೆಸ್ಸನ್ 26 ಗ್ರಾಂ ಗುಂಡನ್ನು 500ರ ಆಸುಪಾಸಿನಲ್ಲಿ ಎಸೆಯುತ್ತೆ. (ಬ್ಯಾರೆಲ್ ಉದ್ದ, ತುಂಬಿದ ಮದ್ದು ಬದಲಾದರೆ ಇವೆಲ್ಲ ಬದಲಾಗುತ್ತವೆ. ಕಂಪನಿಯವರು ಎಷ್ಟೋ ಸಲ ಉದ್ದನೆಯ ಟೆಸ್ಟ್ ಬ್ಯಾರೆಲ್‌ನಲ್ಲಿ ಅಳೆದಿರುತ್ತಾರೆ.)

ವೇಗದಲ್ಲಿ .45 ಎಲ್ಲಕ್ಕಿಂತ ಹಿಂದೆ. ಸಂವೇಗ ಅಂದರೆ ದ್ರವ್ಯರಾಶಿ ಗುಣಿಸು ವೇಗ. ಗುಣಿಸಿ ನೋಡಿದರೆ .45ಕ್ಕೆ 3.7, .357ಕ್ಕೆ 3.6! .44ಕ್ಕೆ 6.2, .500ಕ್ಕೆ 13. ಕೊನೆಯಲ್ಲಿದ್ದವನು ಒಂದು ಮೆಟ್ಟಿಲು ಮೇಲೆ ಬಂದ.

ಇದನ್ನು ಅಳೆಯೋ ಉಪಾಯ ನಾವು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಲೆಕ್ಕವೇ. ಹಗ್ಗಕ್ಕೆ ತೂಗುಹಾಕಿದ ಮರದ ದಿಮ್ಮಿ, ಅದರಲ್ಲಿ ಗುಂಡು ಹೂತುಕೊಳ್ಳುತ್ತೆ, ದಿಮ್ಮಿ ಎಷ್ಟು ಮೇಲೇಳುತ್ತೆ? ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ 1742ರಲ್ಲಿ ಇದನ್ನು ಪುಸ್ತಕದಲ್ಲಿ ಬರೆದ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಬಂದು 1751ರಲ್ಲಿ ತೀರಿಕೊಂಡಿದ್ದು ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ. ನಮ್ಮ ಟೆಕ್ಸ್ಟ್‌ಬುಕ್ಕಿನ ದಿಮ್ಮಿಗೆ ಇಷ್ಟು ಹತ್ತಿರದ ಊರಿನ ನಂಟಿದೆ ಅಂತ ಯಾರೂ ಹೇಳಿರಲಿಲ್ಲ.

2 ಕೆಜಿ ದಿಮ್ಮಿ ಇಟ್ಟುಕೊಳ್ಳಿ. .45 ಹೊಡೆದರೆ 17 ಸೆಂಟಿಮೀಟರ್ ಏಳುತ್ತೆ, .357 ಹೊಡೆದರೆ 16. ಹೆಚ್ಚುಕಮ್ಮಿ ಒಂದೇ. ಆದರೆ .357ರ ಗುಂಡಿನ ಚಲನಶಕ್ತಿ 784 ಜೂಲ್, .45ರದ್ದು 466. ಹೆಚ್ಚಿನದ್ದು ಎಲ್ಲಿ ಹೋಯ್ತು? .357 ಹೊಡೆದಾಗ ತೂಗಾಟಕ್ಕೆ ಸಿಕ್ಕಿದ್ದು 3 ಜೂಲ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಉಳಿದ ಸುಮಾರು 780 ಜೂಲ್ ಮರವನ್ನು ಸೀಳಿ, ಬಿಸಿ ಮಾಡಿ, ಗುಂಡನ್ನು ಚಪ್ಪಟೆ ಮಾಡಿ ಮುಗಿಯಿತು. ಇಲ್ಲಿಗೆ ಬಂದಾಗ ನಮ್ಮ ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ. ಲೆಕ್ಕದಲ್ಲಿ ಮಾತ್ರ ಅದು ಮರ. ಪವರ್‌ಫುಲ್ ಅನ್ನೋ ಪದದ ಅರ್ಥ ಆ 780 ಜೂಲ್ ಎಲ್ಲಿ ಖರ್ಚಾಗುತ್ತೆ ಅನ್ನೋದರಲ್ಲಿದೆ.

ಹೊಡೆದವನನ್ನೂ ಅದು ಬಿಡಲ್ಲ. .500 ಗುಂಡಿನ ಸಂವೇಗ 13, ರಿವಾಲ್ವರ್ 2 ಕೆಜಿ ಅಂದರೂ ಅದು ಕೈಯೊಳಗೆ ಸೆಕೆಂಡಿಗೆ 6.5 ಮೀಟರ್ ವೇಗದಲ್ಲಿ ಹಿಂದಕ್ಕೆ ಬರಬೇಕು. ಹೊರಗೆ ನುಗ್ಗೋ ಗ್ಯಾಸಿನ ಒದೆತ ಇನ್ನೂ ಮೇಲೆ.

ಆಗ ದೇವನಹಳ್ಳಿಯವನೊಬ್ಬ ಕೇಳಿದ, "ಹಂಗಾದ್ರೆ ನಮ್ಮ ಟಿಪ್ಪು ರಾಕೆಟ್ಟು?" ಅವನ ಮನೆ ಇರೋದು ಟಿಪ್ಪು ಹುಟ್ಟಿದ ಊರಿನ ಕೋಟೆಯ ಪಕ್ಕದಲ್ಲೇ, ಕೇಳದೇ ಇರ್ತಾನಾ? ಪ್ರಶ್ನೆ ಮಾತ್ರ ಸೊಗಸಾಗಿತ್ತು. ಗುಂಡಿಗೆ ಸಿಗೋ ವೇಗವೆಲ್ಲ ಬ್ಯಾರೆಲ್ ಒಳಗೇ, ಹೊರಬಂದ ಮೇಲೆ ಕಳೆದುಕೊಳ್ಳೋದಷ್ಟೇ. ರಾಕೆಟ್ ನಿಧಾನವಾಗಿ ಹೊರಟು ದಾರಿಯಲ್ಲಿ ವೇಗ ಗಳಿಸುತ್ತೆ, ಹಾರಿಸಿದವನನ್ನು ಒದೆಯಲ್ಲ. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಅದು ಹೆಚ್ಚು ಒತ್ತಡ ತಡೆದುಕೊಂಡಿತು. 1780ರಲ್ಲಿ ಪೊಲ್ಲಿಲೂರಿನಲ್ಲಿ ಕಂಪನಿ ಸೈನ್ಯ ಅದರ ರುಚಿ ನೋಡಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು.

ಅದರ ಸಂವೇಗ ಹಾಕೋಕೆ ಹೋದರೆ ಮದ್ದು ಉರಿದಂತೆ ದ್ರವ್ಯರಾಶಿಯೇ ಕಡಿಮೆಯಾಗುತ್ತಾ ಹೋಗುತ್ತೆ, ಸುಮ್ಮನೆ ಗುಣಿಸಿದರೆ ಆಗಲ್ಲ. ನೆಲಮಂಗಲದವನು ಇಂಟಿಗ್ರೇಷನ್ ಶುರು ಮಾಡಿದ್ದಾನೆ, ಮೆಸ್ಸಿನ ಬೆಲ್ ಹೊಡೆದರೂ ಎದ್ದಿಲ್ಲ.