ಇಷ್ಟು ಕಾಯಿ ಬಿಡಿಸಿದವರು ಎಲ್ಲಿ?

ಸಹೋದರಿಯರೇ, ಗದಗ-ಬೆಟಗೇರಿಯಿಂದ ಬಸ್ಸಿನಲ್ಲಿ ಹೊರಟರೆ ಕಿಟಕಿ ಪಕ್ಕದ ಸೀಟನ್ನೇ ಹಿಡಿಯಿರಿ. ಊರು ದಾಟಿದರೆ ಎರೆಹೊಲ. ಕಪ್ಪತಗುಡ್ಡದ ಕಡೆ ಕೆಂಪು ಮಸಾರಿ. ದಾರಿಯಲ್ಲಿ ಮೊಬೈಲಿನಿಂದ ಫೋಟೊ ತೆಗೆದು, ಮನೆಗೆಲಸ ಮುಗಿದ ಮೇಲೆ ಅದನ್ನು ನೋಡಿ ಚಿತ್ರ ಬರೆಯುವವಳು ನಾನು. ಫೋಟೊದಲ್ಲಿ ಎರೆಮಣ್ಣು ಬರೀ ಕಪ್ಪು. ಟ್ಯೂಬಿನ ಕಪ್ಪನ್ನೇ ಬಳಿದರೆ ಹೊಲ ಡಾಂಬರು ರಸ್ತೆಯಾದೀತು! ನೀಲಿಗೆ ಕಂದು ಬೆರೆಸಿ ನೋಡಿ, ಮಣ್ಣಾಗುತ್ತದೆ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಅದರ ಚಿತ್ರ ಸುಲಭ. ಲಕ್ಷ್ಮೇಶ್ವರದ ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ಮಾತ್ರ ಕಾಡಿಸಿತು. ಕೆಳಗೆ ನಿಂತು ತೆಗೆದ ಫೋಟೊದಲ್ಲಿ ಮಿನಾರುಗಳು ಒಳಕ್ಕೆ ವಾಲುತ್ತವೆ.

ಮುಂಡರಗಿ ದಾರಿಯಲ್ಲಿ ಒಣಹಾಕಿದ ಮೆಣಸಿನಕಾಯಿಯ ಕೆಂಪು ಕಂಡು ಫೋಟೊ ತೆಗೆದಿದ್ದೆ. ಚಿತ್ರ ಚೆನ್ನಾಗಿಯೇ ಬಂತು. ಬೆಟಗೇರಿಯ ಖಾಲಾ ನೋಡಿದವರೇ ಕೇಳಿದರು: "ಛಲೋ ಐತಿ. ಇಷ್ಟು ಕಾಯಿ ಬಿಡಿಸಿದವ್ರು ಎಲ್ಲದಾರ, ಬೇಟಿ?"

ಫೋಟೊದ ಮೂಲೆಯಲ್ಲಿ ನಾಲ್ವರು ಹೆಂಗಸರು ಬಗ್ಗಿ ಕೆಲಸ ಮಾಡುತ್ತಿದ್ದರು. ಕೆಂಪಿಗೆ ಅಡ್ಡವೆಂದು ನಾನೇ ಬಿಟ್ಟಿದ್ದೆ. ಚಿತ್ರವನ್ನು ಗೋಡೆಯಿಂದ ಇಳಿಸಿದ್ದೇನೆ. ಆದರೆ ಫೋಟೊ ಎಷ್ಟು ದೊಡ್ಡದು ಮಾಡಿದರೂ ಅವರ ಮುಖ ಕಾಣುವುದಿಲ್ಲ. ಬರುವ ಸುಗ್ಗಿಗೆ ಬಸ್ಸಿಳಿದು ಅಲ್ಲೇ ಕೂರಬೇಕು.