ತಂತಿಯ ಉದ್ದ, ಹಾಡಿನ ತೂಕ

ಚಿಕ್ಕಬಳ್ಳಾಪುರದಿಂದ ಕೋಲಾರದ ಕಡೆಗೆ ಹೊರಡುವ ರೈಲು ನಂದಿಬೆಟ್ಟದ ಸಾಲನ್ನು ಹಿಂದೆ ಬಿಟ್ಟು ಶಿಡ್ಲಘಟ್ಟ, ಚಿಂತಾಮಣಿಗಳನ್ನು ಮುಟ್ಟಿಕೊಂಡು ಸಾಗುತ್ತದೆ. ಈ ದಾರಿಯಲ್ಲಿ ಬಹುಕಾಲ ಓಡಿದ್ದು ಕಿರಿದಾದ ಹಳಿಯ ಪುಟ್ಟ ಗಾಡಿ. ಹಳಿಯನ್ನು ಅಗಲ ಮಾಡಿ ಮತ್ತೆ ರೈಲು ಬಿಟ್ಟದ್ದು 2013ರಲ್ಲಿ. ಈ ಊರುಗಳ ಮನೆಗಳಿಗೆ ಅಂತರಜಾಲ ಬಂದ ಕಥೆಯೂ ಹೆಚ್ಚು ಕಡಿಮೆ ಹೀಗೆಯೇ: ಮೊದಲು ಕಿರುಹಳಿ, ಬಹಳ ತಡವಾಗಿ ಅಗಲಹಳಿ. ಆ ಹಳಿಯ ಮೇಲೆ ಮಕ್ಕಳು ಅತಿ ಆಸೆಯಿಂದ ಕಾದು ಕುಳಿತ ಸರಕು ಹಾಡು.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ಆರಂಭಿಸಿತು. ಸೇವೆ ಇದ್ದದ್ದು ದೊಡ್ಡ ನಗರಗಳಲ್ಲಿ. ಆಗಿನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಈ ತಾಲ್ಲೂಕುಗಳ ಗಣಕಯಂತ್ರ ಹವ್ಯಾಸಿಗೆ ಬೆಂಗಳೂರಿಗೆ ಎಸ್.ಟಿ.ಡಿ. ಕರೆ ಮಾಡದೆ ದಾರಿಯಿರಲಿಲ್ಲ. ಮೋಡೆಮ್ ಕಿರುಗುಟ್ಟುತ್ತಿದ್ದಷ್ಟು ಹೊತ್ತೂ ಬಿಲ್ಲು ಬೆಳೆಯುತ್ತಿತ್ತು, ಫೋನಿಗೆ ಬೇರೆ ಕರೆ ಬರುತ್ತಿರಲಿಲ್ಲ. ಅಪ್ಪಂದಿರು ಸಿಟ್ಟಾದದ್ದರಲ್ಲಿ ತಪ್ಪೇನೂ ಇಲ್ಲ.

ಓದುಗರು ಒಂದು ಚಿಕ್ಕ ಲೆಕ್ಕ ಮಾಡಿ ನೋಡಬಹುದು. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದಿರುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎಂದು ಎರಡು ವಾಹಿನಿ. ಒಟ್ಟು ಸೆಕೆಂಡಿಗೆ 14,11,200 ಬಿಟ್. ಐದು ನಿಮಿಷದ ಒಂದು ಹಾಡಿನ ತೂಕ ಸುಮಾರು 53 ಮೆಗಾಬೈಟ್. 56 ಕಿಲೋಬಿಟ್ ಮೋಡೆಮ್ ತನ್ನ ಪೂರ್ಣ ವೇಗದಲ್ಲಿ ಓಡಿದರೂ (ಎಂದೂ ಓಡುತ್ತಿರಲಿಲ್ಲ) ಇದನ್ನು ತರಲು ಎರಡು ಗಂಟೆಗೂ ಹೆಚ್ಚು ಬೇಕು. ಅದೇ ಹಾಡು 128 ಕಿಲೋಬಿಟ್‌ನ ಎಂ.ಪಿ.3 ಆದರೆ 4.8 ಮೆಗಾಬೈಟ್, ಹನ್ನೊಂದೂವರೆ ನಿಮಿಷದ ಕೆಲಸ.

ಇಷ್ಟು ಭಾರ ಎಲ್ಲಿ ಇಳಿಯಿತು? ಜಾತ್ರೆಯಲ್ಲಿ ತಮಟೆಯ ಪಕ್ಕ ನಿಂತವನಿಗೆ ತಂಬೂರಿ ಕೇಳಿಸದು. ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಗುರುತಿಸಿ ಕೈಬಿಡುವ ಉಪಾಯವನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ರೂಪಿಸಿದರು. ಎಂ.ಪಿ.3 ಎಂಬ ಕಡತದ ಹೆಸರು ನಿಶ್ಚಯವಾದದ್ದೂ 1995ರಲ್ಲೇ.

ಶಿಡ್ಲಘಟ್ಟದಲ್ಲಿ ಇಳಿದರೆ ರೇಷ್ಮೆಗೂಡಿನ ವಾಸನೆಯೇ ಊರಿನ ಗುರುತು ಹೇಳುತ್ತದೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲಿರುಳೆನ್ನದೆ ಸೊಪ್ಪು ಹಾಕಬೇಕು. ಬಿ.ಎಸ್.ಎನ್.ಎಲ್. 2005ರಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಿತಿಯಿಲ್ಲದ ಬಳಕೆ ಇತ್ತು. ಹೀಗಾಗಿ ಅಮ್ಮ ಸೊಪ್ಪು ಹಾಕಲು ಏಳುವ ಹೊತ್ತಿಗೆ ಮಗನ ಗಣಕಯಂತ್ರವೂ ಎದ್ದಿರುತ್ತಿತ್ತು. ಆದರೆ ಈ ಸೌಭಾಗ್ಯ ಊರೊಳಗಿನವರಿಗೆ. ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಷ್ಟೂ ಸಂಕೇತ ಸೊರಗುತ್ತದೆ. ದೂರವಾಣಿ ಕೇಂದ್ರದಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಸಂಪರ್ಕವೇ ನಿಲ್ಲದು. ಹಳ್ಳಿಯ ಹುಡುಗ ಪೇಟೆಯ ಗೆಳೆಯನಿಂದ ಸಿ.ಡಿ. ಬರೆಸಿಕೊಂಡು ಬಸ್ಸು ಹತ್ತುತ್ತಿದ್ದ. 700 ಮೆಗಾಬೈಟ್‌ನ ಒಂದು ತಟ್ಟೆಯಲ್ಲಿ ನೂರನಲವತ್ತಕ್ಕೂ ಹೆಚ್ಚು ಹಾಡು! ಆ ದಿನಗಳಲ್ಲಿ ಇದಕ್ಕಿಂತ ವೇಗದ ಜಾಲ ಅವನಿಗೆ ಇರಲಿಲ್ಲ. ಹೀಗೆ ಕೈಯಿಂದ ಕೈಗೆ ಹೋದ ಸಿನಿಮಾ ಹಾಡುಗಳಿಂದ ಹಾಡಿದವರಿಗೆ ಕಾಸೂ ಸಿಗಲಿಲ್ಲ ಎಂಬ ಮಾತನ್ನೂ ಮಕ್ಕಳಿಗೆ ಹೇಳಬೇಕು.

ಚಿಂತಾಮಣಿಯಲ್ಲಿ ಮಾತು ಬೇರೆ ದಿಕ್ಕಿಗೆ ತಿರುಗುತ್ತದೆ. ಇದೇ ತಾಲ್ಲೂಕಿನ ಕೈವಾರದಲ್ಲಿ ಯೋಗಿ ನಾರೇಯಣ ತಾತಯ್ಯನವರ ಮಠವಿದೆ. ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದಗಳನ್ನು ಕಟ್ಟಿದವರು. ಗುರುಪೂರ್ಣಿಮೆಯ ವೇಳೆ ಅಲ್ಲಿ 72 ಗಂಟೆಗಳ ಅಖಂಡ ಸಂಗೀತ ನಡೆಯುತ್ತದೆ. ಇಲ್ಲಿ ಹಾಡು ಬರಬೇಕಾದದ್ದು ದೂರದಿಂದಲ್ಲ, ಮನೆಯ ಅಟ್ಟದಿಂದ. ತಾತ ಭಜನೆಯಲ್ಲಿ ಹೇಳಿದ ಪದ, ಅಜ್ಜಿ ಹಾಡಿದ ಸೋಬಾನೆ ಕ್ಯಾಸೆಟ್ಟಿನಲ್ಲಿ ಉಳಿದಿರಬಹುದು. ಟೇಪು ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಅದು ಹೋದರೆ ಆ ಧ್ವನಿಯನ್ನು ಯಾವ ಜಾಲವೂ ತಂದುಕೊಡದು.

ಉಳಿಸುವ ಕೆಲಸ ಹೈಸ್ಕೂಲಿನ ಮಕ್ಕಳಿಗೂ ಸಾಧ್ಯ. ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಅದರ ಇಯರ್‌ಫೋನ್ ರಂಧ್ರದಿಂದ ಗಣಕಯಂತ್ರದ ಲೈನ್-ಇನ್ ರಂಧ್ರಕ್ಕೆ ಒಂದು ಕೇಬಲ್ ಜೋಡಿಸಬೇಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶ 2000ದಿಂದಲೂ ಇದೆ. ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಅರುವತ್ತು ನಿಮಿಷವೇ ಬೇಕು, ಅಡ್ಡದಾರಿಯಿಲ್ಲ. ಮೂಲ ಪ್ರತಿಯನ್ನು ಎಂ.ಪಿ.3 ಮಾಡಬಾರದು, ಅದು ಬಿಟ್ಟದ್ದು ಮರಳಿ ಬಾರದು. ಏನನ್ನೂ ಕಳೆಯದೆ ಗಾತ್ರವನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುವ ಫ್ಲ್ಯಾಕ್ ಎಂಬ ರೂಪವಿದೆ. ಅದರಲ್ಲಿಟ್ಟು, ನೆಂಟರಿಗೆ ಕಳಿಸಲು ಬೇಕಾದರೆ ಎಂ.ಪಿ.3 ಪ್ರತಿ ತೆಗೆಯಬಹುದು. ಮನೆಗೆ ಹೊಸ ಸಂಪರ್ಕ ಹಾಕಿಸುವವರು ಇಳಿಸಿಕೊಳ್ಳುವ ವೇಗವನ್ನಷ್ಟೇ ಕೇಳುತ್ತಾರೆ. ಇಂಥ ಕಡತ ಕಳಿಸುವ ಮನೆಯವರು ಏರಿಸುವ ವೇಗವನ್ನೂ ಕೇಳಿ ತಿಳಿಯಬೇಕು.

ಗೌರಿಬಿದನೂರು ಈ ರೈಲಿನ ದಾರಿಯಲ್ಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಹಿಂದಿರುಗಿ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿಯಬೇಕು. ಅಲ್ಲಿನ ಬಯಲಿನಲ್ಲಿ 1976ರಿಂದ ರೇಡಿಯೋ ವೀಕ್ಷಣಾಲಯವಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನೆಟ್ಟ ಒಂದು ಸಾವಿರ ಆಂಟೆನಾಗಳು 34.5 ಮೆಗಾಹರ್ಟ್ಸ್ ಅಲೆಗಳಿಗೆ ಕಿವಿಗೊಟ್ಟವು. ಪೂರ್ವಪಶ್ಚಿಮದ ತೋಳೇ 1.4 ಕಿಲೋಮೀಟರ್. ಆಕಾಶದ ಅಲೆಯಾಗಲಿ ಅಜ್ಜಿಯ ಹಾಡಾಗಲಿ, ಅಂಕಿಯಾಗಿಸುವ ನಿಯಮ ಒಂದೇ: ಸಂಕೇತದಲ್ಲಿ ಹಿಡಿಯಬೇಕಾದ ಆವರ್ತನಗಳ ಹರವಿನ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕು. ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನ, ಸಿ.ಡಿ.ಯ 44,100 ಹುಟ್ಟಿದ್ದು ಈ ನಿಯಮದಿಂದ.

ಮರಳುವ ದಾರಿಯಲ್ಲಿ ಊರು ಬಂದಲ್ಲೆಲ್ಲ ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್ಲಿನ ಸುರುಳಿಗಳು ತೂಗುತ್ತವೆ. ಒಳಗಿರುವುದು 125 ಮೈಕ್ರಾನ್ ದಪ್ಪದ ಗಾಜಿನ ಎಳೆ, ರೇಷ್ಮೆ ಎಳೆಗಿಂತ ಸುಮಾರು ಹತ್ತು ಪಟ್ಟು ದಪ್ಪ. ಅದರಲ್ಲಿ ಹರಿಯುವುದು ಬೆಳಕು. ಆದ್ದರಿಂದ ತಾಮ್ರದಂತೆ ನಾಲ್ಕೈದು ಕಿಲೋಮೀಟರಿಗೆ ಸೊರಗುವುದಿಲ್ಲ, ಸಿಡಿಲಿನ ಏಟನ್ನು ಮನೆಯೊಳಗೆ ಎಳೆದು ತರುವುದೂ ಇಲ್ಲ. ಪೆಟ್ಟಿಗೆಗೆ ವಿದ್ಯುತ್ ಕೊಡುವ ಅಡಾಪ್ಟರನ್ನು ಮಾತ್ರ ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನಿಂದ ಕಿತ್ತಿಡಬೇಕು.